ಕಿವುಡರ ಸಪ್ತಾಹದಲ್ಲಿ ಕೂಡಿಬಂದ ಸಂಬಂಧ

ನನ್ನ ಅಕ್ಕನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ಕಮರಿಪೇಟೆಯ ನಮ್ಮ ಮನೆಯಲ್ಲಿ ಉಳಿದವರಿಗೆ ಕೇಳಿಸುತ್ತಿತ್ತಾದರೂ ಒಬ್ಬರ ಮಾತನ್ನು ಒಬ್ಬರು ಕೇಳುತ್ತಿರಲಿಲ್ಲ. ಹೀಗಾಗಿ ಅವಳದು ದೊಡ್ಡ ಕೊರತೆ ಅನ್ನಿಸಿರಲಿಲ್ಲ. ಅವಳ ಸನ್ನೆಭಾಷೆ ಪೂರ್ತಿ ಬರುತ್ತಿದ್ದದ್ದು ನನಗೊಬ್ಬಳಿಗೇ.

ಎರಡು ಸಾವಿರದ ಇಸವಿಯ ಆಸುಪಾಸು. ಸೆಪ್ಟೆಂಬರ್ ಕೊನೆಗೆ ಹುಬ್ಬಳ್ಳಿಯ ಕಿವುಡರೆಲ್ಲ ಸೇರಿ ಒಂದು ವಾರ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಮೊದಲ ದಿನ ಮೆರವಣಿಗೆ. ಜತೆಗೆ ಬಂದ ಪೊಲೀಸಪ್ಪನಿಗೆ ಕಸಿವಿಸಿ.

"ಘೋಷಣಾ ಯಾಕ ಕೂಗವಲ್ರು ಇವರು?"

"ಕೂಗಾಕತ್ತಾರ್ರೀ, ಕೈ ನೋಡ್ರಿ," ಎಂದೆ.

ಅವನು ಸ್ವಲ್ಪ ಹೊತ್ತು ನೋಡಿದ. "ಆತು. ಭಾಳ ಗದ್ದಲ ಮಾಡಬ್ಯಾಡ್ರಿ ಅಂತ ಹೇಳ್ರಿ."

ಮರುದಿನ ಕೇರಂ ಪಂದ್ಯ. ಅಕ್ಕ ಸೋಲಿಸಿದ್ದು ಧಾರವಾಡದ ಕಡೆಯಿಂದ ಬಂದಿದ್ದ ಒಬ್ಬ ಕಿವುಡ ತರುಣನನ್ನು. ಅಲ್ಲಿನ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಫಿಟರ್. ಕೆಂಪು ಕಾಯಿ ಸರಿಯಾಗಿ ಬೀಳಲಿಲ್ಲವೆಂದು ಅವನು ತಕರಾರು ತೆಗೆದ. ಇಬ್ಬರೂ ಕೈಬೀಸಿ ವಾದಿಸಿದರು. ಬುತ್ತಿ ತಂದಿದ್ದ ಅಪ್ಪ ನನ್ನನ್ನು ಕೇಳಿದ:

"ಏನ್ ಅನ್ನಾಕತ್ತಾರ?"

"ಕೆಂಪು ಕಾಯಿ ಜಗಳ."

ಮೂರನೆಯ ದಿನ ನಾಟಕದ ತಾಲೀಮಿನಲ್ಲೂ ಅದೇ ಜಗಳ. ಅದರ ಮರುದಿನ ಅಡುಗೆ ಸ್ಪರ್ಧೆಯಲ್ಲಿ ಅವನು ಅಕ್ಕ ಮಾಡಿದ ಕಡಲೆಹಿಟ್ಟಿನ ಜುಣಕ ತಿನ್ನುತ್ತ ಒಂದೇ ಕೈಯಲ್ಲಿ ಜಗಳಾಡಿದ.

ಕೊನೆಯ ದಿನ ಮುಖ್ಯ ಅತಿಥಿ ಭಾಷಣ ಮಾಡುತ್ತಿದ್ದರು, ನಾನು ಸನ್ನೆಯಲ್ಲಿ ಹೇಳುತ್ತಿದ್ದೆ. ನಡುವೆ ಕರೆಂಟು ಹೋಗಿ ಮೈಕು ನಿಂತಿತು. ಅವರೂ ನಿಂತರು. ಯಾಕೆ ನಿಲ್ಲಿಸಿದರು ಎಂದು ಸಭೆ ನನ್ನನ್ನು ಕೇಳಿತು. ಮೈಕು ನಿಂತುಹೋಗಿದೆ ಎಂದೆ. ಇಡೀ ಸಭೆ ನಕ್ಕಿತು. ಅತಿಥಿಗಳು ಕೂತುಬಿಟ್ಟರು.

ಅಂದು ಸಂಜೆ ಅಕ್ಕ ಮನೆಯಲ್ಲಿ ಎಲ್ಲರನ್ನೂ ಕೂರಿಸಿ, ಆ ಫಿಟರನನ್ನೇ ಮದುವೆಯಾಗುತ್ತೇನೆ ಎಂದು ಸನ್ನೆ ಮಾಡಿದಳು. ನಾನು ಬಾಯಿಬಿಟ್ಟು ಹೇಳಿದೆ.

ಅವ್ವ ಗಾಬರಿಯಾದಳು. "ಇಬ್ಬರಿಗೂ ಕೇಳಸೂದಿಲ್ಲ. ನಾಳೆ ಕೂಸು ಅತ್ತರ ಯಾರಿಗೆ ಗೊತ್ತಾಗ್ತೈತಿ?"

ಅದನ್ನು ಅಕ್ಕನಿಗೆ ದಾಟಿಸಿದೆ. ಅವಳು ಅಪ್ಪನ ಕಡೆ ಬೆರಳು ತೋರಿಸಿ ಉತ್ತರ ಕೊಟ್ಟಳು.

"ಏನಂದಳು? ಹೇಳು," ಎಂದ ಅಪ್ಪ.

"ಅಪ್ಪಗ ಛಲೋ ಕೇಳಸ್ತೈತಲ್ಲ, ಕೂಸಿದ್ದಾಗ ನಾ ರಾತ್ರಿ ಅತ್ತರ ಒಮ್ಮೆರೆ ಎದ್ದಾನೇನು ಅಂತ ಕೇಳಾಕತ್ತಾಳ."

ಅಪ್ಪ ಗೋಡೆ ನೋಡಿದ. ಅವ್ವ ಅಪ್ಪನನ್ನು ನೋಡಿದಳು. ಆಮೇಲೆ, "ಹುಡುಗನ ಮನಿಯವ್ರು ಯಾವಾಗ ಬರ್ತಾರಂತ ಕೇಳು," ಎಂದಳು.

ಮದುವೆಗೆ ವಾದ್ಯ ಯಾಕೆ, ದಂಡ ಎಂದು ನಮ್ಮ ಹಿರಿಯರೆಲ್ಲ ಒಪ್ಪಿದ್ದರು. ಮದುಮಗ ಒಪ್ಪಲಿಲ್ಲ. ಡೊಳ್ಳೇ ಬೇಕು, ಅದು ಎದೆಗೆ ತಾಗುತ್ತದೆ ಎಂದ. ಡೊಳ್ಳಿನವರು ಬಂದರು. ಅಕ್ಕನ ಗೆಳತಿಯರು, ಅವನ ಗೆಳೆಯರು ಡೊಳ್ಳಿಗೆ ಅಂಟಿಕೊಂಡೇ ನಿಂತು, ಇನ್ನೂ ಜೋರಾಗಿ, ಇನ್ನೂ ಜೋರಾಗಿ ಎಂದು ಕೈ ಮಾಡುತ್ತಿದ್ದರು. ಕಿವಿ ಕೇಳಿಸುವ ನೆಂಟರು ಊಟದ ತಟ್ಟೆ ಹಿಡಿದು ರಸ್ತೆಯ ಆಚೆಗೆ ಹೋಗಿ ನಿಂತರು.