ಹಿಂದಿನ ಸೀಟಿನ ಪರದೆ

ಕಾರಿನ ಹಿಂದಿನ ಕಿಟಕಿಗೆ ನೀಲಿ ಪರದೆ. ಮೇಲೊಂದು ಕಂಬಿ, ಕೆಳಗೊಂದು ಕಂಬಿ, ನಡುವೆ ಬಿಗಿದು ನಿಲ್ಲಿಸಿದ ನೆರಿಗೆ. ಹೋದ ಭಾನುವಾರ ಹೊಸೂರಿನ ಆಲಸನತ್ತಂನ ನಮ್ಮ ಮನೆಯ ಮುಂದೆ ಮಗನ ಗೆಳೆಯ ತನ್ನ ಹೊಸ ಕಾರು ತಂದು ನಿಲ್ಲಿಸಿದಾಗ ಅದರ ಬಣ್ಣ ಏನೆಂದು ನಾನು ನೋಡಲೇ ಇಲ್ಲ, ಪರದೆಯನ್ನು ನೋಡಿದೆ. ಬಟ್ಟೆಯಲ್ಲಿ ಇನ್ನೂ ಅಂಗಡಿಯ ಗಂಜಿಯ ವಾಸನೆ ಇತ್ತು. ಅದು ಮೂಗಿಗೆ ತಾಕಿದ ಕೂಡಲೇ ನನಗೆ ತಲೆನೋವು ಬಂತು... ಬಂತೋ, ಬರಲೆಂದು ನಾನೇ ಕಾದಿದ್ದೆನೋ. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಯಾಕೆಂದು ಮುಂದೆ ತಿಳಿಯುತ್ತದೆ.

ಹುಡುಗರು ಜಗುಲಿಯಲ್ಲಿ ಕೂತರು. ಎಲ್ಲರೂ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರು, ಕಾರೆಂದರೆ ಪ್ರಾಣ ಬಿಡುವವರು.

"ಕಾರ್ ಕಂಪ್ನಿ ನನ್ ಕೈಗೆ ಕೊಟ್ರೆ ಮೊದ್ಲು ಆ ಗೇರು ಕಿತ್ತಾಕ್ತೀನಿ ಕಣ್ಲಾ" ಎಂದ ಒಬ್ಬ.

"ನಿನ್ ಕೈಗೆ ಕೊಟ್ರೆ ಕಂಪ್ನೀನೇ ಕಿತ್ಕೊಂಡೋಯ್ತದೆ."

ಒಬ್ಬನಿಗೆ ದೊಡ್ಡ ಎಂಜಿನ್ನು ಬೇಕಿತ್ತು, ಇನ್ನೊಬ್ಬನಿಗೆ ಅಗಲದ ಚಕ್ರ. ಕಾರಿನ ಯಜಮಾನನ ಹೆಂಡತಿ, ಆ ಪರದೆಯ ಹಿಂದೆ ಕೂತು ಬಂದವಳು, ಅಡುಗೆಮನೆಯ ಹೊಸಿಲಲ್ಲಿ ನನ್ನ ಜೊತೆ ಅವರೆಕಾಯಿ ಸುಲಿಯುತ್ತಿದ್ದಳು. ನಿನಗೇನು ಬೇಕೆಂದು ಅವಳನ್ನು ಯಾರೂ ಕೇಳಲಿಲ್ಲ. ನನಗೆ ಮಾತ್ರ ಬೇರೆಯದೇ ದನಿ ಕೇಳತೊಡಗಿತ್ತು. ಅದೇ ಮಾತು, ಹೆಂಗಸಿನ ಬಾಯಲ್ಲಿ: "ಕಂಪ್ನಿ ನನ್ ಕೈಗೆ ಕೊಡ್ಲಿ, ತೋರುಸ್ತೀನಿ."

ಅದು ನಮ್ಮ ದೊಡ್ಡಮ್ಮ. ದೊಡ್ಡಪ್ಪನ ಹೆಂಡತಿ.

ಎರಡನೇ ಮಹಾಯುದ್ಧದ ಕಾಲ, ನಾನಿನ್ನೂ ಸಣ್ಣ ಹುಡುಗಿ. ಬಾಗಲೂರಿನ ಕಡೆಯ ನಮ್ಮ ಊರಿನಲ್ಲಿ ಕಾರಿದ್ದದ್ದು ದೊಡ್ಡಪ್ಪನಿಗೊಬ್ಬನಿಗೇ. ಪೆಟ್ರೋಲು ಸಿಗದಾದ ಮೇಲೆ ಅದು ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ, ಮರದ ದಿಮ್ಮಿಗಳ ಮೇಲೆ ಗಾಲಿ ನೆಲಕ್ಕೆ ತಾಗದಂತೆ ನಿಂತಿತು. ಮಧ್ಯಾಹ್ನ ಗಂಡಸರು ಮಲಗಿದಾಗ ದೊಡ್ಡಮ್ಮ ಶೆಡ್ಡಿಗೆ ಹೋಗುತ್ತಿದ್ದಳು. ಸೆರಗು ಸಿಕ್ಕಿಸಿ ಡ್ರೈವರನ ಜಾಗದಲ್ಲಿ ಕೂರುತ್ತಿದ್ದಳು. ಹಿಂದೆ ನಾನು ಮತ್ತು ಅಕ್ಕ. ಅಕ್ಕನೆಂದರೆ ದೊಡ್ಡಮ್ಮನ ಒಬ್ಬಳೇ ಮಗಳು. ದೊಡ್ಡಮ್ಮ ಬಾಯಲ್ಲೇ ಎಂಜಿನ್ನಿನ ಸದ್ದು ಮಾಡುತ್ತ ಸ್ಟೀರಿಂಗ್ ಚಕ್ರ ತಿರುಗಿಸುತ್ತಿದ್ದಳು... ಅಥವಾ ಆ ಸದ್ದನ್ನು ಆಮೇಲೆ ನಾನೇ ಸೇರಿಸಿಕೊಂಡೆನೋ. ಸದ್ದು ಇರಲಿ, ಇಲ್ಲದಿರಲಿ, ಅವಳು ಅಲ್ಲಿ ಕೂತದ್ದು ನಿಜ. ಕೂತವಳು ಬೈಯುತ್ತಿದ್ದಳು.

"ಈ ಮೆಟ್ಲು ಇಷ್ಟೆತ್ರಕ್ಕೆ ಯಾಕಿಟ್ಟವ್ನೆ? ಅವನ ಹೆಂಡ್ತಿ ಸೀರೆ ಉಡಾಕಿಲ್ವಾ? ಕನ್ನಡಿ ಡ್ರೈವರಂಗೆ ಮಾತ್ರ ಯಾಕೆ? ಹಿಂದ್ ಕುಂತೋರ್ಗೆ ಮುಖ ಇಲ್ವಾ?"

ಅಕ್ಕ ನಗುತ್ತಿದ್ದಳು. "ಅಮ್ಮಾ, ನೀನ್ ಮಾಡಿದ್ ಕಾರ್ನಾಗೆ ಇನ್ನೇನೇನ್ ಇರ್ತದೆ?"

"ಒಂದೊಂದೂರ್ಗೆ ಒಂದೊಂದು ಹಾರನ್ನು. ಯಾರು ಬಂದ್ರು ಅಂತ ಹಿಟ್ಟಿಗೆ ಎಸ್ರಿಡೋಕ್ ಮುಂಚೆ ಗೊತ್ತಾಗ್ಬೇಕು."

ಅವಳ ಬೇಡಿಕೆಗಳಲ್ಲಿ ಅರ್ಧ ಹುಚ್ಚು. ಗಾಲಿಗಳನ್ನು ಗಾಡಿಯ ಚಕ್ರದಷ್ಟು ದೊಡ್ಡದು ಮಾಡಿದರೆ ಎಣ್ಣೆಯೇ ಬೇಡ, ತಾನೇ ಉರುಳುತ್ತದೆ ಎಂದೂ ಹೇಳುತ್ತಿದ್ದಳು. ಎಲ್ಲಾ ತಿಳಿದವಳೆಂದು ನಾನು ಅವಳನ್ನು ಇಲ್ಲಿ ತೋರಿಸಲು ಹೊರಟಿಲ್ಲ. ಅವಳಿಗೆ ಕಾರಿನ ಮೇಲೆ ಆಸೆ ಇತ್ತು, ಅದನ್ನು ಮಾಡಿದವನ ಮೇಲೆ ಸಿಟ್ಟಿತ್ತು. ಅಷ್ಟೇ.

ಆಮೇಲೆ ದೊಡ್ಡಪ್ಪ ಬೆಂಗಳೂರಿನ ಯಾವುದೋ ವರ್ಕ್‌ಶಾಪಿಗೆ ಕಾರನ್ನು ಎತ್ತು ಕಟ್ಟಿ ಎಳೆಸಿಕೊಂಡು ಹೋಗಿ, ಇದ್ದಿಲಿನಿಂದ ಓಡುವ ಹಾಗೆ ಮಾಡಿಸಿಕೊಂಡು ಬಂದ. ಆಗ ಬಸ್ಸುಗಳೂ ಹಾಗೇ ಓಡುತ್ತಿದ್ದವು. ಕಾರಿನ ಬೆನ್ನಿಗೆ ಹಂಡೆಯಂಥ ಕಬ್ಬಿಣದ ಒಲೆ. ಅದರಲ್ಲಿ ಇದ್ದಿಲು ತುಂಬಿ, ಗಾಳಿಯೂದುವ ಹಿಡಿ ತಿರುವಿ ತಿರುವಿ ಕೆಂಡ ಮಾಡಿದರೆ, ಅದರಿಂದ ಹೊರಡುವ ಅನಿಲ ಕೊಳವೆಯಲ್ಲಿ ಎಂಜಿನ್ನಿಗೆ ಹೋಗುತ್ತಿತ್ತು. ಒಮ್ಮೆ ಎಂಜಿನ್ನು ನಿಂತರೆ ಮತ್ತೆ ಹೊರಡಿಸಲು ಡ್ರೈವರನ ಬೆನ್ನು ಮುರಿಯುತ್ತಿತ್ತು. ಹಾಗಾಗಿ ದಾರಿಯಲ್ಲಿ ಎಲ್ಲಿ ನಿಂತರೂ ಅದನ್ನು ಆರಿಸುತ್ತಿರಲಿಲ್ಲ.

ಒಲೆ ನೋಡಿದ ದೊಡ್ಡಮ್ಮ ಸುತ್ತ ಒಂದು ಬಾರಿ ನಡೆದು ಬಂದಳು. "ಹೆಂಗಸ್ರ ಬೆನ್ನಿಗೆ ಸವತಿ ತಂದು ಕಟ್ಟವ್ರೆ" ಎಂದಳು. ಡ್ರೈವರು ಕೂಡ ನಕ್ಕ.

ಇನ್ನು ಪರದೆ. ನಮ್ಮ ಮನೆಯ ಕಮಾನು ಗಾಡಿಗೆ ಹಿಂದೆ ಮುಂದೆ ಪರದೆ ಕಟ್ಟುವುದು ತಾತನ ಕಾಲದಿಂದ ನಡೆದು ಬಂದದ್ದು. ನಮ್ಮ ಮನೆಯ ಹೆಂಗಸರು ರಸ್ತೆಯವರ ಕಣ್ಣಿಗೆ ಬೀಳಬಾರದು. ಗಾಡಿ ಹೋಗಿ ಕಾರು ಬಂದರೂ ಪರದೆ ಹೋಗಲಿಲ್ಲ. ಗಾಡಿಯ ಅಳತೆಯಲ್ಲಿ ಹೊಲಿಸಿದ್ದ ದಪ್ಪ ನೀಲಿ ಬಟ್ಟೆಯನ್ನೇ ಕತ್ತರಿಸಿ ಕಾರಿನ ಹಿಂದಿನ ಕಿಟಕಿಗಳಿಗೆ ಕಟ್ಟಿದರು. ಮುಂದಿನ ಸೀಟಿಗೂ ಹಿಂದಿನದಕ್ಕೂ ನಡುವೆ ಇನ್ನೊಂದು. ಗಾಡಿಯಲ್ಲಿ ಹಲಗೆಗಳ ಸಂದಿಯಿಂದ ಗಾಳಿ ಬರುತ್ತಿತ್ತು, ಬೆನ್ನ ಹಿಂದೆ ಕೆಂಡವಿರಲಿಲ್ಲ. ಇದು ಮನೆಯ ಒಬ್ಬ ಗಂಡಸಿಗೂ ಹೊಳೆಯಲಿಲ್ಲ. ಹೊಳೆದವಳ ಮಾತನ್ನು ಯಾರೂ ಕೇಳಲಿಲ್ಲ.

ಮೊದಲ ಸಲ ಹೊಸೂರಿಗೆ ಹೋಗಿ ಬರುವಾಗ ದೊಡ್ಡಮ್ಮನಿಗೆ ತಲೆ ಸಿಡಿಯಿತು. ಪೇಟೆಯ ನಡುವೆಯೇ ಪರದೆ ಸರಿಸಿ ಮುಖ ಹೊರಗೆ ಹಾಕಿ ಕೂತಳು. ಗುರುತಿನವರು ನೋಡಿದರು. ಮನೆಗೆ ಬಂದ ಮೇಲೆ ಆದ ಜಗಳ ನನಗೆ ಚೆನ್ನಾಗಿ ನೆನಪಿದೆ. ಅದರಲ್ಲಿ ಅನುಮಾನವಿಲ್ಲ.

"ಬಾಣಂತಿ ಕೋಣೇಲಿ ಅಗ್ಗಿಷ್ಟಿಕೆ ಇಟ್ರೂ ಬಾಗ್ಲು ಒಂಚೂರು ತೆಗ್ದಿರ್ತೀವಿ. ನಿಮ್ ಕಾರ್ನಾಗೆ ಅದೂ ಇಲ್ಲ" ಎಂದಳು. "ಒಲೆ ಮುಂದ್ಕಾಕ್ಸಿ, ನಿಮ್ ಮೂಗಿನ್ ಕೆಳ್ಗೆ. ಇಲ್ಲಾ ಪರದೆ ಕೀಳಿ. ಎರಡ್ರಲ್ಲೊಂದು."

"ಕಾರ್ ಮಾಡ್ದೋನು ನಿನ್ನ ಕೇಳಿ ಮಾಡ್ಬೇಕಿತ್ತಾ?"

"ಹೂಂ, ಕೇಳ್ಬೇಕಿತ್ತು. ಕಂಪ್ನಿ ನನ್ ಕೈಗೆ ಕೊಡ್ಲಿ. ಮಾಡ್ದೋನ್ನೇ ಮೊದ್ಲು ಹಿಂದ್ಗಡೆ ಕೂರುಸ್ತೀನಿ. ಅವ್ನು ಬದುಕ್ ಬಂದ್ರೆ ಆಮೇಲೆ ಮಾರ್ಲಿ."

ಜಗುಲಿ ತುಂಬ ನಕ್ಕರು. ನನ್ನಪ್ಪನೂ ನಕ್ಕ. ಮಾರನೆಯ ದಿನ ದೊಡ್ಡಪ್ಪ ಡ್ರೈವರನಿಗೆ ಹೇಳಿ ಪರದೆಯ ಕೆಳಗಿನ ಅಂಚಿಗೆ ಮೊಳೆ ಹೊಡೆಸಿದ. ಇನ್ನು ಮೇಲೆ ಯಾರೂ ಸರಿಸುವ ಹಾಗಿಲ್ಲ.

ಅಕ್ಕನಿಗೆ ಗಂಡು ಗೊತ್ತಾಗಿತ್ತು. ಕೃಷ್ಣಗಿರಿಯ ನಂಟರ ಮದುವೆಗೆ ಹೋಗಬೇಕು, ಗಂಡಿನ ಕಡೆಯವರೂ ಅಲ್ಲಿಗೆ ಬರುತ್ತಾರೆ. ಮೊಳೆ ತೆಗೆಯದೆ ಆ ಕಾರು ಹತ್ತುವುದಿಲ್ಲ, ಮಗಳನ್ನೂ ಹತ್ತಿಸುವುದಿಲ್ಲ ಎಂದು ದೊಡ್ಡಮ್ಮ ಬಾಗಿಲಿಗೆ ಅಡ್ಡ ನಿಂತಳು. ಅವಳನ್ನು ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದರು. ಅಕ್ಕನ ಜೊತೆಗೆಂದು ನನ್ನನ್ನು ಹತ್ತಿಸಿದರು. ಮುಂದೆ ದೊಡ್ಡಪ್ಪ ಮತ್ತು ಡ್ರೈವರು. ಗಾಜು ಏರಿಸಲು ಹೇಳಿ ದೊಡ್ಡಪ್ಪ ಅಂದ: "ಧೂಳು ಬತ್ತದೆ."

ಅಕ್ಕ ಮಲ್ಲಿಗೆ ಮುಡಿದಿದ್ದಳು. ಸೀರೆ ಮುದುಡದಂತೆ ನೆಟ್ಟಗೆ, ಬೆನ್ನು ಒರಗಿಸಿ ಕೂತಿದ್ದಳು. ನನಗೆ ಹೊಟ್ಟೆ ತೊಳೆಸಿ ಸೀಟಿನ ಕೆಳಗೆ ಮಲಗಿಬಿಟ್ಟೆ. ಬಾಗಿಲಿನ ಕೆಳಗೆ ಒಂದು ಸೀಳಿತ್ತು, ಅದರಿಂದ ಧೂಳಿನ ಜೊತೆ ತಣ್ಣನೆಯ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಶೂಳಗಿರಿಯ ಏರಿನಲ್ಲಿ ಕಾರು ಏದುಸಿರು ಬಿಟ್ಟಿತು. ಮೇಲೆ ಹತ್ತಿ ಒಂದು ಕಾಫಿ ಅಂಗಡಿಯ ಮುಂದೆ ನಿಂತಿತು. ಗಂಡಸರು ಇಳಿದರು. ಎಂಜಿನ್ನು ಗುಡುಗುಡು ಎನ್ನುತ್ತಲೇ ಇತ್ತು. "ಅಪ್ಪಾ, ಒಂದ್ ಗಳಿಗೆ ಇಳೀತೀನಿ, ತಲೆ ಒಂಥರಾ ಆಯ್ತದೆ" ಎಂದಳು ಅಕ್ಕ. ಪರದೆಯ ಆಚೆಯಿಂದ ದೊಡ್ಡಪ್ಪನ ದನಿ: "ಅಂಗ್ಡೀಲಿ ಜನ ಅವ್ರೆ. ಕುಂತ್ಕೊಳಮ್ಮ, ಇನ್ನೇನ್ ಬಂದ್ಬುಟ್ವಿ."

ಅವರು ಕಾಫಿ ಕುಡಿದರು. ಅಂಗಡಿಯವನ ಜೊತೆ ತಮಿಳಿನಲ್ಲಿ ಯುದ್ಧದ ವಿಷಯ ಮಾತಾಡಿದರು. ಒಳಗಿಂದ ನನಗೆ ಕೇಳುತ್ತಿತ್ತು... ಕೇಳುತ್ತಿತ್ತೇ? ಇಲ್ಲಿಂದ ಮುಂದೆ ನನ್ನಲ್ಲಿರುವುದು ಚೂರುಗಳು. ಅಕ್ಕನ ಕಾಲ್ಬೆರಳಿನ ಅರಿಶಿಣ. ಪರದೆಯ ಅಂಚಿನ ಮೊಳೆಯ ತಲೆ. ಆ ಕೆಂಡದ ಉಸಿರು ನನ್ನ ತಲೆಯೊಳಗೂ ಹೊಕ್ಕು ಏನನ್ನು ಅಳಿಸಿತೋ, ಏನನ್ನು ಬಿಟ್ಟಿತೋ. ಮುಂದಿನದನ್ನೆಲ್ಲ ಬೇರೆಯವರು ಹೇಳಿ ತುಂಬಿಸಿದ್ದಾರೆ, ಅದಕ್ಕೇ ಅದು ಅಷ್ಟು ನೀಟಾಗಿದೆ, ಅದಕ್ಕೇ ನನಗೆ ಅದರ ಮೇಲೆ ಸಿಟ್ಟು.

ಕೃಷ್ಣಗಿರಿಯಲ್ಲಿ ಬಾಗಿಲು ತೆಗೆದಾಗ ಅಕ್ಕನಲ್ಲಿ ಜೀವ ಇರಲಿಲ್ಲ. ಕೆನ್ನೆ ಕೆಂಪಗಿತ್ತಂತೆ, ತುಟಿಯೂ ಕೆಂಪಗಿತ್ತಂತೆ. ಮದುಮಗಳ ಕಳೆ ಇತ್ತು ಎಂದು ಹೆಂಗಸರು ಎಷ್ಟೋ ವರ್ಷ ಹೇಳಿಕೊಂಡರು. ಆ ಕೆಂಪು, ಒಲೆಯಿಂದ ಒಳಕ್ಕೆ ಸೋರಿದ ಕೆಂಡದ ವಿಷದುಸಿರಿನದು, ಅದರಿಂದ ಸತ್ತವರು ಹಾಗೇ ಕಾಣುತ್ತಾರೆ ಎಂದು ಬಹಳ ಕಾಲದ ಮೇಲೆ ಒಬ್ಬ ಡಾಕ್ಟರರಿಂದ ತಿಳಿದೆ. ನಮ್ಮ ಮನೆಯಲ್ಲಿ ಅದಕ್ಕೆ ಬೇರೆ ಕಾರಣಗಳಿದ್ದವು. ಮಲ್ಲಿಗೆಯ ಘಾಟು, ಯಾರದೋ ದೃಷ್ಟಿ, ಹಣೆಬರಹ. ನಿದ್ದೆಯಲ್ಲೇ ಹೋದಳು, ಪುಣ್ಯವಂತೆ. ಈ ಪುಣ್ಯವಂತೆ ಎಂಬ ಮಾತನ್ನು ನನ್ನೆದುರು ಆಡಿದವರ ಮನೆಯಲ್ಲಿ ನಾನು ಇವತ್ತಿಗೂ ನೀರು ಕುಡಿಯುವುದಿಲ್ಲ. ಅವಳು ಇಳಿಯುತ್ತೇನೆ ಎಂದು ಕೇಳಿದ್ದಳು.

ತಿಥಿ ಕಳೆದ ಮೇಲೆ ಒಂದು ಬೆಳಿಗ್ಗೆ ದೊಡ್ಡಮ್ಮ ಶೆಡ್ಡಿಗೆ ಹೋಗಿ ತಾನೇ ಒಲೆಗೆ ಇದ್ದಿಲು ತುಂಬಿದಳಂತೆ. ತಾನೇ ಗಾಳಿ ತಿರುವಿ ಕೆಂಡ ಮಾಡಿದಳಂತೆ. ಅಂಗಳದಲ್ಲಿ ಎಲ್ಲರೂ ನೋಡುತ್ತಿರುವಾಗ ಹಿಂದಿನ ಬಾಗಿಲು ತೆಗೆದು ಹಿಡಿದು, ಗಂಡನನ್ನು ಕರೆದಳಂತೆ. ಅದುವರೆಗೆ ಬಹುವಚನ ಬಿಟ್ಟು ಮಾತಾಡದವಳು.

"ಬಾ, ಕುಂತ್ಕೋ. ಪರದೆ ನಾನೇ ಹಾಕ್ತೀನಿ. ಒಂದ್ ಕಾಫಿ ಕುಡಿಯೋವಷ್ಟೊತ್ತು ಕುಂತ್ಕೋ, ಸಾಕು."

ದೊಡ್ಡಪ್ಪ ಒಳಗೆ ಹೋದನಂತೆ.

ಇದು ನಡೆಯಲೇ ಇಲ್ಲ ಎನ್ನುತ್ತಿದ್ದ ನನ್ನಪ್ಪ. ಅವಳು ಕೋಣೆ ಬಿಟ್ಟು ಹೊರಗೇ ಬರಲಿಲ್ಲ ಎನ್ನುತ್ತಿದ್ದಳು ಅಮ್ಮ. ಡ್ರೈವರು ಮಾತ್ರ, ನಡೆಯಿತು, ಇದ್ದಿಲಿನ ಚೀಲ ಬಿಚ್ಚಿಕೊಟ್ಟವನು ನಾನೇ ಎಂದು ಸಾಯುವವರೆಗೂ ಹೇಳಿದ. ನಾನು ಡ್ರೈವರನನ್ನು ನಂಬುತ್ತೇನೆ. ಸಾಕ್ಷಿ ಇದೆಯೆಂದಲ್ಲ. ನಂಬದಿದ್ದರೆ, ಅಕ್ಕ ಹೋದ ಮೇಲೆ ಆ ಮನೆಯಲ್ಲಿ ಅವಳ ಪರವಾಗಿ ಒಬ್ಬರೂ ಬಾಯಿ ಬಿಡಲಿಲ್ಲ ಎಂದಾಗುತ್ತದೆ. ಅದನ್ನು ಹೊತ್ತುಕೊಂಡು ನನಗೆ ಬದುಕಲಾಗುವುದಿಲ್ಲ.

ಹುಚ್ಚು ಹಿಡಿದಿದೆ ಎಂದು ದೊಡ್ಡಮ್ಮನನ್ನು ತಳಿ ಎಂಬ ಊರಿನ ಕಡೆಯ ಅವಳ ತವರಿಗೆ ಕಳಿಸಿದರು. ಕಮಾನು ಗಾಡಿಯಲ್ಲಿ ಕಳಿಸಿದರು, ಪರದೆ ಕಟ್ಟಿ. ಅವಳು ಅಲ್ಲೇ ತೀರಿಕೊಂಡ ಸುದ್ದಿ ನಮಗೆ ಬಂದದ್ದು ಎಲ್ಲಾ ಮುಗಿದ ಮೇಲೆ. ಕೊನೆಗಾಲದಲ್ಲಿ ಕಾರಿನ ಮಾತು ಆಡುತ್ತಿದ್ದಳೋ ಇಲ್ಲವೋ ಕೇಳೋಣವೆಂದು ನಾನು ಹೋದಾಗ ಹೇಳುವವರು ಯಾರೂ ಉಳಿದಿರಲಿಲ್ಲ...

ಜಗುಲಿಯಿಂದ ಮಗನ ಗೆಳೆಯ ಕೂಗಿದ. "ಅಮ್ಮಾ, ನೀವೇಳಿ. ಕಂಪ್ನಿ ನಿಮ್ ಕೈಗ್ ಕೊಟ್ರೆ ಏನ್ ಮಾಡ್ತೀರಾ?"

"ಮಾಡ್ದೋನ್ನ ಮೊದ್ಲು ಹಿಂದ್ಗಡೆ ಕೂರುಸ್ತೀನಿ" ಎಂದೆ.

ಹುಡುಗರೆಲ್ಲ ನಕ್ಕರು. ಅದೇ ನಗು. ಅವನ ಹೆಂಡತಿ ನಗಲಿಲ್ಲ. ಕಾಯಿ ಸುಲಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

ಹೊರಡುವಾಗ ಅವಳು ಹಿಂದೆ ಹತ್ತಿದಳು. ಮುಂದಿನ ಸೀಟಿನಲ್ಲಿ ಗಂಡನ ಪಕ್ಕ ಇನ್ನೊಬ್ಬ ಹುಡುಗ ಕೂತ. ಈ ಕಾರಿನ ಬೆನ್ನಿಗೆ ಒಲೆಯಿಲ್ಲ, ಯಾರೂ ಸಾಯುವುದಿಲ್ಲ, ಅಷ್ಟು ನನಗೂ ಗೊತ್ತು. "ಗಾಜು ಇಳಿಸ್ಕೊಳಮ್ಮ" ಎಂದೆ.

ಮುಂದಿನ ಸೀಟಿನಿಂದ ಅವಳ ಗಂಡ ಹೇಳಿದ: "ಬೇಡಿ ಅಮ್ಮಾ, ಧೂಳು ಬತ್ತದೆ."

ಬಾಗಿಲು ಹಾಕುವ ಮೊದಲು ನಾನು ಒಳಕ್ಕೆ ಕೈ ಹಾಕಿ ಪರದೆಯ ಕಂಬಿ ಹಿಡಿದು ಎಳೆದೆ. ಹೊಸ ಕಾರು, ತಿರುಪು ಬಿಗಿಯಾಗಿತ್ತು. ಬರಲಿಲ್ಲ. ಅಮ್ಮಾ, ಅಮ್ಮಾ ಎನ್ನುತ್ತ ಮಗ ನನ್ನ ಕೈ ಬಿಡಿಸಿದ. ಕಾರು ಬೀದಿಯ ತುದಿಗೆ ಹೋಗಿ ತಿರುಗುವವರೆಗೆ ಆ ನೀಲಿ ಬಟ್ಟೆಯನ್ನೇ ನೋಡುತ್ತ ನಿಂತೆ. ಅಂಗೈಯಲ್ಲಿ ಗಂಜಿಯ ವಾಸನೆ ಇನ್ನೂ ಇತ್ತು.