ಮೀಟರು ಮುಂದೆ ಓಡಿದ ತಿಂಗಳು

ಗೇರಣ್ಣನಿಗೆ ಆ ಹೆಸರಿಟ್ಟವರು ಯಾರೆಂದು ಈಗ ಯಾರಿಗೂ ನೆನಪಿಲ್ಲ. ಇಟ್ಟದ್ದರಲ್ಲಿ ತಪ್ಪೇನೂ ಇಲ್ಲ ಅನ್ನಿ. ಗುಡ್ಡದ ಮಗ್ಗುಲಿನ ಇಪ್ಪತ್ತೆಂಟು ಎಕರೆ ತೋಟದಲ್ಲಿ ಇಪ್ಪತ್ತೆರಡು ವರ್ಷದಿಂದ ಪುಟ್ಟ ಟ್ರ್ಯಾಕ್ಟರ್ ಓಡಿಸಿದ ಮನುಷ್ಯ. ಮನೆಯಲ್ಲಿ ಕುರ್ಚಿಯ ಮೇಲೆ ಕೂತಾಗಲೂ ಅವನ ಬಲಗೈ ಇಲ್ಲದ ಗೇರನ್ನು ಹುಡುಕುತ್ತಿತ್ತು. ತೋಟದ ಒಡತಿ ಪೇಟೆಯಲ್ಲಿ ಹಲ್ಲಿನ ಡಾಕ್ಟರು, ಶನಿವಾರಕ್ಕೊಮ್ಮೆ ಬಂದುಹೋಗುತ್ತಿದ್ದರು. ಮಿಕ್ಕ ಆರು ದಿನ ಗೇಟಿನ ಪಕ್ಕದ ಎರಡು ಕೋಣೆಯ ಮನೆಯಲ್ಲಿ ಗೇರಣ್ಣ ಮತ್ತು ಅವನ ಹೆಂಡತಿ, ಶೆಡ್ಡಿನಲ್ಲಿ ಎರಡು ಗಾಡಿ. ಇಷ್ಟೇ ಸಂಸಾರ.

ಬೆಳಗಿನ ಕೆಲಸ ಟ್ರ್ಯಾಕ್ಟರಿನದು. ನಿಂಬೆ ಸಾಲುಗಳ ನಡುವೆ ಹುಲ್ಲು ಕತ್ತರಿಸಬೇಕು, ಟ್ರೇಲರ್ ಕಟ್ಟಿಕೊಂಡು ಗೊಬ್ಬರ ಸಾಗಿಸಬೇಕು. ಮಧ್ಯಾಹ್ನದ ಗಾಡಿ ಎಟಿವಿ. ನಾಲ್ಕು ದಪ್ಪ ಚಕ್ರದ, ಬೈಕಿನ ಹಾಗೆ ಕಾಲು ಹಾಕಿ ಕೂರುವ ಆ ವಾಹನವನ್ನು ಡಾಕ್ಟ್ರಮ್ಮ ಮೂರು ವರ್ಷದ ಹಿಂದೆ ತರಿಸಿದ್ದರು. ಗೇರಣ್ಣ ಅದನ್ನು ಮಿಡತೆ ಎಂದು ಕರೆಯುತ್ತಿದ್ದ. ಊಟವಾದ ಮೇಲೆ ತಂತಿ, ಇಕ್ಕಳ, ಔಷಧಿ ಟ್ಯಾಂಕು ಹೇರಿಕೊಂಡು ಮಿಡತೆಯ ಮೇಲೆ ಗುಡ್ಡದ ಆಚೆ ಹೋದರೆ ಬೇಲಿ, ಪಂಪು ಎಲ್ಲ ನೋಡಿಕೊಂಡು ನಾಲ್ಕಕ್ಕೆ ವಾಪಸು. ಟ್ರ್ಯಾಕ್ಟರನ್ನು ಪ್ರೀತಿಸುತ್ತಿದ್ದ, ಮಿಡತೆಯನ್ನು ಸಹಿಸಿಕೊಳ್ಳುತ್ತಿದ್ದ.

ಅವನಿಗೊಂದು ವಿಚಿತ್ರ ಅಭ್ಯಾಸವಿತ್ತು. ಟ್ರ್ಯಾಕ್ಟರಿನಲ್ಲಿ ಇಂಜಿನ್ ಎಷ್ಟು ಗಂಟೆ ಓಡಿತೆಂದು ತೋರಿಸುವ ಮೀಟರು ಇರುತ್ತದಲ್ಲ, ಆಯಿಲ್ ಬದಲಾಯಿಸಲು ಅದನ್ನು ನೋಡುವುದು ಎಲ್ಲರೂ ಮಾಡುವ ಕೆಲಸ. ಗೇರಣ್ಣ ತನ್ನ ಬದುಕನ್ನೇ ಅದರಲ್ಲಿ ಅಳೆಯುತ್ತಿದ್ದ. ಮಗಳ ಮದುವೆ ಯಾವಾಗ ಆಯಿತೆಂದು ಕೇಳಿದರೆ "ಮೂರು ಸಾವಿರದ ನೂರರ ಹತ್ರ" ಎನ್ನುತ್ತಿದ್ದ. ಹೆಂಡತಿ ಅಂಗಳದಲ್ಲಿ ಜಾರಿ ಬಿದ್ದದ್ದು ಐದು ಸಾವಿರದ ಎಂಟುನೂರರಲ್ಲಿ. ಪ್ರತಿದಿನ ಹನ್ನೆರಡಕ್ಕೆ ಟ್ರ್ಯಾಕ್ಟರ್ ನಿಲ್ಲಿಸಿ ಮೀಟರಿನ ಅಂಕಿಯನ್ನು ಶೆಡ್ಡಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಹಿಂದಿನ ದಿನದ್ದನ್ನು ಅಂಗೈಯಿಂದ ಒರೆಸುತ್ತಿದ್ದ. ಮನುಷ್ಯರು ಸುಳ್ಳು ಹೇಳುತ್ತಾರೆ, ಮೀಟರು ಹೇಳುವುದಿಲ್ಲ ಎಂಬುದು ಅವನ ವೇದಾಂತ. ಆ ವೇದಾಂತವೇ ಅವನ ಕುತ್ತಿಗೆಗೆ ಬಂತು.

ಒಂದು ಮಂಗಳವಾರ ಬೆಳಿಗ್ಗೆ ಗಾಡಿ ಹತ್ತಿ ನೋಡುತ್ತಾನೆ, ಬಾಗಿಲ ಮೇಲೆ ಆರು ಸಾವಿರದ ನಾನೂರ ಹನ್ನೆರಡು, ಮೀಟರಿನಲ್ಲಿ ನಾನೂರ ಹನ್ನೆರಡೂವರೆ. ಬರೆಯುವಾಗ ಅರ್ಧ ಬಿಟ್ಟಿರಬೇಕು ಎಂದುಕೊಂಡ. ಬುಧವಾರವೂ ಅರ್ಧ ಗಂಟೆ ಮುಂದೆ. ಗುರುವಾರ ಕನ್ನಡಕ ಹಾಕಿಕೊಂಡು, ಅಂಕಿಗಳನ್ನು ಗಟ್ಟಿಯಾಗಿ ಓದಿ ಬರೆದ. ಶುಕ್ರವಾರ ಬೆಳಿಗ್ಗೆ ಮುಕ್ಕಾಲು ಗಂಟೆ ಮುಂದೆ. ಮೇಲಾಗಿ ಸೀಟು ಒಂದು ಗೇಣು ಮುಂದಕ್ಕೆ ಸರಿದಿತ್ತು. ಹತ್ತಿದವನ ಮೊಣಕಾಲು ಸ್ಟೀರಿಂಗಿಗೆ ಬಡಿಯಿತು.

ಬೇರೆ ಯಾರಾದರೂ ಆಗಿದ್ದರೆ ಕಳ್ಳನನ್ನು ಹುಡುಕುತ್ತಿದ್ದರು. ಆದರೆ ಗೇಟಿಗೆ ಬೀಗ, ಗಾಡಿಯ ಕೀಲಿ ಅಡುಗೆಮನೆಯ ಮೊಳೆಯಲ್ಲಿ. ಹೆಂಡತಿಯೋ, ಡೀಸೆಲ್ ವಾಸನೆಗೇ ತಲೆನೋವು ಬರುತ್ತದೆಂದು ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಗಾಡಿಯ ಮೆಟ್ಟಿಲು ಹತ್ತಿದವಳಲ್ಲ. ಆದರೂ ಕೇಳಿದ.

"ಮಧ್ಯಾಹ್ನ ಯಾರಾದ್ರೂ ಬಂದಿದ್ರೇನೇ?"

"ಇಲ್ಲಿಗೆ ಯಾರು ಬರ್ತಾರೆ ರೀ," ಎಂದಳು ಅವಳು, ಸೊಪ್ಪು ಸೋಸುತ್ತ, ತಲೆ ಎತ್ತದೆ.

ಹಾಗಾದರೆ ಉಳಿದವನು ಒಬ್ಬನೇ. ತಾನೇ ಗಾಡಿ ಓಡಿಸಿದ್ದೇನೆ, ಓಡಿಸಿದ್ದು ತನಗೇ ನೆನಪಿಲ್ಲ ಎಂದು ಗೇರಣ್ಣ ತೀರ್ಮಾನಿಸಿದ. ನಗಬೇಡಿ. ಅವನ ಅಪ್ಪನಿಗೆ ಅರವತ್ತಕ್ಕೆಲ್ಲ ಮರೆವು ಹಿಡಿದಿತ್ತು. ಒಂದು ಮಧ್ಯಾಹ್ನ ಊಟಕ್ಕೆ ಬಡಿಸುತ್ತಿದ್ದ ಮಗನನ್ನೇ ನೋಡಿ, ಬಹಳ ಮರ್ಯಾದೆಯಿಂದ, "ಸ್ವಾಮಿ, ತಾವು ಯಾರ ಪೈಕಿ?" ಎಂದು ಕೇಳಿದ್ದ. ಗೇರಣ್ಣನಿಗೆ ಈಗ ಐವತ್ತೆಂಟು. ತಲೆ ಹೋದರೆ ಕೀಲಿ ಹೋಗುತ್ತದೆ, ಕೀಲಿ ಹೋದರೆ ಗೇಟಿನ ಪಕ್ಕದ ಮನೆ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಯಾವತ್ತೋ ಒಂದು ದಿನ ಹೆಂಡತಿಯನ್ನು ನೋಡಿ ತಾನೂ ಹಾಗೇ ಕೇಳಿಬಿಡುತ್ತೇನೇನೋ ಎಂದು ಹೆದರಿದ.

ಮುಂದಿನ ವಾರ ಇನ್ನೂ ಗೋಜಲಾಯಿತು. ಕೆರೆಯ ಕಡೆಯ ಎರಡು ಸಾಲಿನ ನಡುವೆ ಕತ್ತರಿಸಿದ ಹುಲ್ಲು ಬಿದ್ದಿತ್ತು. ಅಲ್ಲಿಗೆ ತಾನು ಹೋದ ನೆನಪೇ ಇಲ್ಲ. ಅದೂ ಎಂಥ ಕೆಲಸ? ಹಾವು ಹರಿದ ಹಾಗೆ ಸೊಟ್ಟ ಸೊಟ್ಟ. ಒಂದು ಮರದ ಬುಡದ ತೊಗಟೆ ಬೇರೆ ಸವರಿಕೊಂಡು ಹೋಗಿತ್ತು. ನೂಲು ಹಿಡಿದಂತೆ ನೇರ ಕತ್ತರಿಸುತ್ತದೆಂದು ಸುತ್ತಲಿನ ತೋಟದವರೆಲ್ಲ ಹೊಗಳುತ್ತಿದ್ದ ಕೈ ಅವನದು. ಬರೀ ತಲೆಯಲ್ಲ, ಕೈಯೂ ಹೋಯಿತು ಎಂದು ಗೇರಣ್ಣ ಆ ಮರದ ಬುಡದಲ್ಲೇ ಕೂತ. ಗಾಯಕ್ಕೆ ಒಂದಿಷ್ಟು ಮಣ್ಣು ಮೆತ್ತಿ, ಯಾರಿಗೂ ಕಾಣದಿರಲೆಂದು ಹುಲ್ಲು ಮುಚ್ಚಿದ. ತಾನು ಮಾಡದ ತಪ್ಪನ್ನು ಇಷ್ಟು ಶ್ರದ್ಧೆಯಿಂದ ಮುಚ್ಚಿಟ್ಟವರು ಲೋಕದಲ್ಲಿ ಕಡಿಮೆ.

ಕೊನೆಗೆ ಧೈರ್ಯ ಮಾಡಿ ಮೆಕ್ಯಾನಿಕ್‌ಗೆ ಹೇಳಿಕಳಿಸಿದ. ಆ ಮನುಷ್ಯ ಬಂದು, ಮೀಟರು ಬಿಚ್ಚಿ, ತಂತಿ ಎಳೆದು, ತನ್ನ ಗಡಿಯಾರ ಪಕ್ಕದಲ್ಲಿಟ್ಟುಕೊಂಡು ಒಂದು ಗಂಟೆ ಇಂಜಿನ್ ಓಡಿಸಿ ನೋಡಿದ.

"ಮೀಟರು ಚಿನ್ನದಂತಿದೆ ಗೇರಣ್ಣ. ಒಂದು ನಿಮಿಷ ಆಚೆ ಈಚೆ ಇಲ್ಲ."

"ಸರಿಯಾಗಿ ನೋಡು ಮಾರಾಯ. ಹಳೇ ಮೀಟರು, ಕೆಟ್ಟಿರಬಹುದು."

"ಕೆಟ್ಟಿಲ್ಲ ಅಂದ್ರೆ ಬೇಜಾರು ಮಾಡ್ಕೊಳ್ಳೋ ಗಿರಾಕಿನ ಇವತ್ತೇ ನೋಡಿದ್ದು," ಎಂದು ಮೆಕ್ಯಾನಿಕ್ ನಕ್ಕು, ಗ್ರೀಸ್ ಕೈಯನ್ನು ಒರೆಸಿಕೊಂಡು ಹೋದ.

ಗೇರಣ್ಣ ತನ್ನನ್ನೇ ಕಾಯತೊಡಗಿದ. ಏನು ಮಾಡಿದರೂ ಬಾಯಿಬಿಟ್ಟು ಹೇಳಿಕೊಂಡ: ಈಗ ಗಾಡಿ ನಿಲ್ಲಿಸಿದೆ, ಈಗ ಕೀಲಿ ತೆಗೆದೆ, ಈಗ ಮೊಳೆಗೆ ಹಾಕಿದೆ. ಇಷ್ಟೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರೂ ಬೆಳಿಗ್ಗೆ ಎದ್ದರೆ ಅರ್ಧ ಗಂಟೆ ಮುಂದೆ. ಅವನ ಎದುರಿಗೇ ಅವನಿಗೆ ಗೊತ್ತಿಲ್ಲದ ಇನ್ನೊಬ್ಬ ಗೇರಣ್ಣ ಓಡಾಡುತ್ತಿರುವಂತಿತ್ತು, ಅವನೂ ಕೆಲಸ ಬಾರದವನು.

ತಿಂಗಳು ತುಂಬುವ ಹೊತ್ತಿಗೆ ಒಂದು ಮಧ್ಯಾಹ್ನ ಮಿಡತೆ ಏರಿ ಗುಡ್ಡ ಹತ್ತಿದವನಿಗೆ ಇಕ್ಕಳ ಬಿಟ್ಟುಬಂದದ್ದು ನೆನಪಾಯಿತು. ನೆನಪಾಯಿತಲ್ಲ ಎಂಬ ಖುಷಿಗೇ ವಾಪಸು ತಿರುಗಿಸಿದ. ಇಳಿಜಾರಿನಲ್ಲಿ ಇಂಜಿನ್ ಬಂದ್ ಮಾಡಿ ಗಾಡಿಯನ್ನು ಹಾಗೇ ಇಳಿಬಿಟ್ಟ. ನಿಂಬೆ ಸಾಲಿನ ತುದಿಗೆ ಬಂದರೆ ಟ್ರ್ಯಾಕ್ಟರಿನ ಸದ್ದು. ಮರದ ಮರೆಯಲ್ಲಿ ನಿಂತು ನೋಡಿದ.

ಹೆಂಡತಿ. ತಲೆಗೆ ಬಟ್ಟೆ ಬಿಗಿದು, ಮೂಗಿಗೂ ಒಂದು ಬಟ್ಟೆ ಕಟ್ಟಿ, ಸೀಟಿನ ತುದಿಯಲ್ಲಿ ಕೂತು, ಸ್ಟೀರಿಂಗನ್ನು ಓಡಿಹೋಗುವ ಕೋಳಿಯನ್ನು ಹಿಡಿದಂತೆ ಎರಡೂ ಕೈಯಲ್ಲಿ ಅವುಚಿಕೊಂಡು, ಸೊಟ್ಟ ಸೊಟ್ಟ ಬರುತ್ತಿದ್ದಳು.

ಗೇರಣ್ಣನಿಗೆ ಬಂದದ್ದು ಸಿಟ್ಟಲ್ಲ, ನಗು. ಇಪ್ಪತ್ತೆಂಟು ದಿನದ ಭಾರ ಒಮ್ಮೆಗೇ ಇಳಿದು, ಹೊಟ್ಟೆ ಹಿಡಿದುಕೊಂಡು ನಕ್ಕ. ತನಗೇನೂ ಆಗಿಲ್ಲ. ತನ್ನ ತಲೆ ಸರಿಯಾಗಿದೆ, ಕೈ ಸರಿಯಾಗಿದೆ. ಅವಳು ಅವನನ್ನು ಕಂಡು ಗಾಬರಿಯಿಂದ ಬ್ರೇಕ್ ಬದಲು ಕ್ಲಚ್ ತುಳಿದಳು. ಗಾಡಿ ಇನ್ನೂ ನಾಲ್ಕು ಮಾರು ಉರುಳಿ ಗೊಬ್ಬರದ ರಾಶಿಗೆ ಮುಖ ಕೊಟ್ಟು ನಿಂತಿತು.

"ನೀನೇನೇ ಇದು? ನಾನು ಹುಚ್ಚು ಹಿಡೀತು ಅಂತ ಸಾಯ್ತಿದ್ದೆ. ಹೇಳಿ ಕಲಿಯೋಕೇನಾಗಿತ್ತು?"

ಅವಳು ಮೂಗಿನ ಬಟ್ಟೆ ಬಿಚ್ಚಿದಳು. ನಗಲಿಲ್ಲ. "ಮನೇಲಿ ಕೂತು ಬೇಜಾರಾಗ್ತಿತ್ತು," ಎಂದಳು.

"ಬೇಜಾರಿಗೆ ಯಾರಾದ್ರೂ ಟ್ರ್ಯಾಕ್ಟರ್ ಹತ್ತುತ್ತಾರಾ? ನಿಜ ಹೇಳು."

ಅವಳು ಇಳಿದು ಬಂದು ಅವನ ಪಕ್ಕ ಬದುವಿನ ಮೇಲೆ ಕೂತಳು.

"ಹೋದ ತಿಂಗಳು ಒಂದಿನ ನೀವು ಗುಡ್ಡದ ಆಚೆಯಿಂದ ನಡ್ಕೊಂಡು ಬಂದ್ರಿ. ಕೈಕಾಲು ತೊಳೆದು ಮಲಗಿದ್ರಿ. ಮಿಡತೆ ಎಲ್ರೀ ಅಂತ ಕೇಳಿದೆ. ಯಾವ ಮಿಡತೆ ಅಂದ್ರಿ."

"ತಮಾಷೆ ಮಾಡಿರ್ತೀನಿ."

"ನಾನೂ ಹಾಗೇ ಅನ್ಕೊಂಡೆ. ಹೋಗಿ ನೋಡಿದ್ರೆ ಗುಡ್ಡದ ನೆತ್ತಿ ಮೇಲೆ ನಿಂತಿತ್ತು, ಇಂಜಿನ್ ಓಡ್ತಾನೇ ಇತ್ತು. ಕೀಲಿ ತಿರುಗಿಸಿ ನಿಲ್ಲಿಸಿದೆ. ಇಳಿಜಾರಲ್ವಾ, ತಳ್ಕೊಂಡು ಬಂದು ಶೆಡ್ಡಿಗೆ ಹಾಕ್ದೆ. ಮಾರನೇ ದಿನ ನೀವು ಏನೂ ಆಗದವರ ಥರ ಅದನ್ನೇ ಹತ್ತಿ ಹೋದ್ರಿ." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಅದಾದ್ಮೇಲೆ ಇನ್ನೂ ಎರಡು ಸಲ ಆಯ್ತು."

ಗೇರಣ್ಣ ನೆನಪಿಸಿಕೊಳ್ಳಲು ನೋಡಿದ. ಗುಡ್ಡದ ನೆತ್ತಿ ನೆನಪಿಗೆ ಬಂತು, ದಾರಿ ಬಂತು, ಹೆಂಡತಿ ಹೇಳಿದ ದಿನ ಮಾತ್ರ ಬರಲಿಲ್ಲ. ತಿಂಗಳಿಡೀ ತಾನು ಮರೆತೆನೆಂದು ಒದ್ದಾಡಿದ್ದೆಲ್ಲ ಮರೆವಲ್ಲ, ನಿಜವಾದ ಮರೆವು ತನಗೆ ಗೊತ್ತೇ ಆಗದಂತೆ ಬಂದುಹೋಗಿದೆ. ಯಾವುದಕ್ಕೆ ಹೆದರಬೇಕಿತ್ತೋ ಅದನ್ನು ಬಿಟ್ಟು ಬೇರೆ ಯಾವುದಕ್ಕೋ ಹೆದರಿದ್ದ. ಈಗ ಅಳಬೇಕೋ ನಗಬೇಕೋ ಅವನಿಗೆ ತಿಳಿಯಲಿಲ್ಲ.

"ನೀವು ಓಡಿಸೋಕಾಗದೇ ಹೋದ್ರೆ ನಾನಾದ್ರೂ ಓಡಿಸಿದ್ರೆ ಮನೆ ಉಳಿಯುತ್ತಲ್ಲ ಅಂತ," ಎಂದಳು ಅವಳು. "ನಿಮ್ಮ ಮುಖ ನೋಡ್ಕೊಂಡು ಹೇಳೋ ಧೈರ್ಯ ಬರ್ಲಿಲ್ಲ."

"ನನ್ನ ಕಾಯೋಕೆ ಹೋಗಿ ನನ್ನ ಅರ್ಧ ಕೊಂದೆಯಲ್ಲೇ," ಎಂದ ಗೇರಣ್ಣ. ಆಮೇಲೆ, "ಇನ್ಮೇಲೆ ಮುಚ್ಚಿಡಬೇಡ. ಏನು ಮರೆತ್ರೂ ಹೇಳು. ಬೈದಾದ್ರೂ ಹೇಳು," ಎಂದ. ಅವಳು ಹೂಂ ಎಂದಳು.

ಶನಿವಾರ ಡಾಕ್ಟ್ರಮ್ಮ ಕಾರಿನಿಂದ ಇಳಿಯುವುದಕ್ಕೂ ಬಿಡದೆ ಗೇರಣ್ಣ ಎರಡೂ ಕೀಲಿಗಳನ್ನು ಅವರ ಮುಂದೆ ಹಿಡಿದ. ಇದ್ದದ್ದನ್ನು ಇದ್ದ ಹಾಗೆ ಹೇಳಿದ, ಮರದ ತೊಗಟೆಯನ್ನೂ ಬಿಡಲಿಲ್ಲ. ಡಾಕ್ಟ್ರಮ್ಮ ಬಹಳ ಹೊತ್ತು ಕೇಳಿಸಿಕೊಂಡರು. ಪೇಟೆಯಲ್ಲಿ ತಮ್ಮ ಗುರುತಿನ ನರರೋಗದ ಡಾಕ್ಟರಿಗೆ ಆಗಲೇ ಫೋನ್ ಮಾಡಿ ಸೋಮವಾರಕ್ಕೆ ಹೊತ್ತು ಗೊತ್ತುಮಾಡಿದರು. ಕೀಲಿಗಳನ್ನು ಅವನ ಹೆಂಡತಿಯ ಕೈಗೆ ಕೊಟ್ಟರು.

"ನೋಡಮ್ಮ, ಕೊಯ್ಲಿಗೆ ಇನ್ನು ಒಂದು ತಿಂಗಳಿದೆ. ತುಂಬಿದ ಟ್ರೇಲರನ್ನು ಹಿಂದೆ ತಗೊಂಡು ಪ್ಯಾಕಿಂಗ್ ಶೆಡ್ಡಿಗೆ ಸೇರಿಸೋಕೆ ನಿನ್ನಿಂದ ಆದ್ರೆ ಈ ಮನೆ ನಿಮ್ಮದೇ. ಆಗಲ್ಲ ಅಂದ್ರೆ ಬೇರೆಯವರನ್ನ ನೋಡಲೇಬೇಕಾಗುತ್ತೆ. ನಾನು ಸುಳ್ಳು ಆಸೆ ಕೊಡಲ್ಲ." ಗೇರಣ್ಣನ ಕಡೆ ತಿರುಗಿ, "ನೀವು ಓಡಿಸಬೇಡಿ. ಕಲಿಸಿ," ಎಂದರು.

ಸೋಮವಾರ ಪೇಟೆಯ ಡಾಕ್ಟರು ನೂರೆಂಟು ಪ್ರಶ್ನೆ ಕೇಳಿ, ಗಡಿಯಾರದ ಚಿತ್ರ ಬರೆಸಿ, ಮಾತ್ರೆ ಬರೆದುಕೊಟ್ಟರು. ಮಾತ್ರೆ ಮರೆವನ್ನು ನಿಧಾನ ಮಾಡಬಹುದು, ನಿಲ್ಲಿಸುವುದಿಲ್ಲ ಎಂದರು.

ಮುಂದಕ್ಕೆ ಓಡಿಸುವುದನ್ನು ಅವಳು ಹತ್ತೇ ದಿನದಲ್ಲಿ ರೂಢಿಸಿಕೊಂಡಳು. ಹಿಂದಕ್ಕೆ ತೆಗೆಯುವುದೇ ದೊಡ್ಡ ತಲೆನೋವು. ಟ್ರೇಲರ್ ಕಟ್ಟಿದ ಗಾಡಿಯದು ಅತ್ತೆಯ ಸ್ವಭಾವ. ಎಡಕ್ಕೆ ಹೋಗು ಎಂದರೆ ಬಲಕ್ಕೇ ಹೋಗುವುದು. ಒಂದು ದಿನ ಅವಳು ಬೆಳಿಗ್ಗೆಯಿಂದ ನಾಲ್ಕು ಸಲ ಶೆಡ್ಡಿನ ಕಂಬಕ್ಕೆ ಗುದ್ದಿ, ಐದನೇ ಸಲ ಇಂಜಿನ್ ಬಂದ್ ಮಾಡಿ ಅತ್ತುಬಿಟ್ಟಳು. ಗೇರಣ್ಣ ಹತ್ತಿರ ಹೋಗಿ, ಅತ್ತಿತ್ತ ನೋಡಿ, ದನಿ ತಗ್ಗಿಸಿದ.

"ಒಂದು ಗುಟ್ಟು ಹೇಳ್ತೀನಿ. ನಾನೇ ಕಂಡುಕೊಂಡಿದ್ದು, ಯಾರಿಗೂ ಹೇಳಿಲ್ಲ. ಸ್ಟೀರಿಂಗನ್ನ ಮೇಲಿಂದ ಹಿಡೀಬೇಡ, ಕೆಳಗಡೆ ಹಿಡಿ. ಹಿಂದೆ ತಿರುಗಿ ನೋಡು. ಟ್ರೇಲರ್ ಯಾವ ಕಡೆ ಹೋಗಬೇಕೋ, ಕೈನ ಆ ಕಡೆ ಸರಿಸು. ಅಷ್ಟೇ."

ಅವಳು ಕಣ್ಣೊರೆಸಿಕೊಂಡು ಹಾಗೇ ಮಾಡಿದಳು. ಟ್ರೇಲರ್ ಮೊದಲ ಸಲ ಹೇಳಿದ ಮಾತು ಕೇಳಿತು. ಊಟದ ಹೊತ್ತಿನವರೆಗೂ ಅದನ್ನೇ ಅಭ್ಯಾಸ ಮಾಡಿದರು.

ಊಟ ಮುಗಿಸಿ, ಸ್ವಲ್ಪ ಅಡ್ಡಾಗಿ, ಮತ್ತೆ ಇಬ್ಬರೂ ಬಂದರು. ಗೇರಣ್ಣ ಟ್ರೇಲರಿನ ಹಿಂದೆ ನಿಂತ. ಇವಳಿಗೆ ಆ ಗುಟ್ಟನ್ನು ಇವತ್ತು ಹೇಳಿಯೇಬಿಡೋಣ, ಎಷ್ಟು ದಿನ ಕಂಬಕ್ಕೆ ಗುದ್ದಿಸುವುದು ಎಂದುಕೊಂಡು ಮುಂದೆ ಬಂದ. ಬಂದು ನೋಡಿದರೆ ಅವಳ ಕೈ ಆಗಲೇ ಸ್ಟೀರಿಂಗಿನ ಕೆಳಗಿತ್ತು. ಅವನು ಬೆರಗಾಗಿ ನಿಂತ.

"ಇದು ನನ್ನ ಗುಟ್ಟು. ನಿಂಗೆ ಯಾರೇ ಹೇಳಿಕೊಟ್ರು?"

ಅವಳು ಇಂಜಿನ್ ತಗ್ಗಿಸಿದಳು. ಮುಚ್ಚಿಡುವುದಿಲ್ಲ ಎಂದು ಮಾತು ಕೊಟ್ಟಿದ್ದಳಲ್ಲ.

"ನೀವೇ ರೀ. ಬೆಳಿಗ್ಗೆ ಹೇಳಿದ್ರಿ. ಇಲ್ಲೇ."

ಗೇರಣ್ಣ ಕಂಬದ ಕಡೆ ನೋಡಿದ, ಟ್ರೇಲರಿನ ಕಡೆ ನೋಡಿದ. ನೆನಪಿನಲ್ಲಿ ಬೆಳಿಗ್ಗೆ ಇರಬೇಕಾದ ಜಾಗದಲ್ಲಿ ಏನೂ ಸಿಗಲಿಲ್ಲ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

"ಸರಿಯಾಗಿ ಹೇಳಿಕೊಟ್ಟಿದ್ನಾ?" ಎಂದು ಕೇಳಿದ.

"ಸರಿಯಾಗೇ ಹೇಳಿಕೊಟ್ಟಿದ್ರಿ."

"ಹಾಗಾದ್ರೆ ತಗೋ ಹಿಂದೆ," ಎಂದು ಅವನು ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟ.