ತಿರುವಿನಾಚೆ ನೋಡುವ ಕಣ್ಣು

ಎರಡು ಸಾವಿರದ ಇಸವಿಯ ಆಚೀಚೆ ಸಕಲೇಶಪುರದ ಚಿಕ್ಕಪ್ಪನ ಮನೆಗೆ ಕಂಪ್ಯೂಟರ್ ಬಂತು. ಜೊತೆಗೆ ಮೇಜಿಗೆ ಬಿಗಿಯುವ ಒಂದು ಸ್ಟೀರಿಂಗು, ಕಾಲಿಗೆ ಪೆಡಲು. ವಾರವಾರವೂ ಬಸ್ಸು ಹತ್ತಿ ಹೋಗಿ ರೇಸಿನ ಆಟದಲ್ಲಿ ಕಾರು ಓಡಿಸುತ್ತಿದ್ದೆ. ನೂರು ಸಲ ಪಲ್ಟಿ ಹೊಡೆದ ಮೇಲೆ ಬುದ್ಧಿ ಬಂತು: ಬ್ರೇಕು ತಿರುವಿಗೆ ಮೊದಲೇ ಒತ್ತಬೇಕು, ತಿರುವಿನೊಳಗಲ್ಲ. ಕಣ್ಣು ಬಾನೆಟ್ಟಿನ ಮೇಲಲ್ಲ, ತಿರುವು ಮುಗಿಯುವ ಜಾಗದ ಮೇಲಿರಬೇಕು.

ನನಗೆ ಲೈಸೆನ್ಸ್ ಇತ್ತು, ಜೀಪು ಮಾತ್ರ ಸಿಗುತ್ತಿರಲಿಲ್ಲ. ಮಗ್ಗೆ ಊರಿನ ಹತ್ತಿರದ ನಮ್ಮ ಕಾಫಿ ತೋಟದ ಜೀಪಿನ ಕೀಲಿ ಸದಾ ಡ್ರೈವರನ ಸೊಂಟದಲ್ಲೇ. ನಾನು ಹುಟ್ಟುವ ಮೊದಲಿನಿಂದ ಇದ್ದವನು. "ಆಟದಾಗೆ ಸತ್ರೆ ಮತ್ತೆ ಎದ್ದು ಬರ್ತೀರ ಅಮ್ಮಣ್ಣಿ. ಇಲ್ಲಿ ಹಂಗಲ್ಲ," ಅನ್ನುತ್ತಿದ್ದ. ಅವನು ಒಪ್ಪಿದರೆ ಮಾತ್ರ ಜೀಪು ಕೊಡುತ್ತೇನೆ ಎಂದು ಅಪ್ಪ. ನನಗೋ ಒಂದೇ ಅನುಮಾನ: ನಾನು ಓಡಿಸತೊಡಗಿದರೆ ತನ್ನ ಕೆಲಸ ಹೋಗುತ್ತದೆಂದು ಈ ಆಸಾಮಿ ಕಲ್ಲು ಹಾಕುತ್ತಿದ್ದಾನೆ.

ತಪ್ಪು ಹಿಡಿಯಲೆಂದೇ ಅವನ ಪಕ್ಕ ಕೂರತೊಡಗಿದೆ. ಮೊದಲು ಕಾಲು ನೋಡಿದೆ. ಬ್ರೇಕು ಹಿಡಿಯುವುದರಲ್ಲಿ ನನಗಿಂತ ಪಳಗಿದವನು, ಹೊಟ್ಟೆ ಉರಿಯಿತು. ಆಮೇಲೆ ಕಣ್ಣು ನೋಡಿದೆ. ಅವನು ದೂರ ನೋಡುತ್ತಲೇ ಇರಲಿಲ್ಲ. ತಿರುವಿನಲ್ಲಿ ಹಾರ್ನ್ ಹೊಡೆಯುವುದು ನಮ್ಮ ಕಡೆ ಎಲ್ಲರ ರೂಢಿ. ಇವನು ಹೊಡೆದು, ತಲೆ ಓರೆ ಮಾಡಿ, ಆಚೆಯಿಂದ ಹಾರ್ನ್ ಕೇಳಿಸುತ್ತದಾ ಎಂದು ಕಾಯುತ್ತಿದ್ದ. ನೇರ ರಸ್ತೆಯಲ್ಲೂ ಹಾಗೇ ಮಾಡುತ್ತಿದ್ದ.

ಒಂದು ಬೆಳಿಗ್ಗೆ ಕುಂದೂರಿನ ದಾರಿಯಲ್ಲಿ, ಹಿಂದೆ ಕಾಫಿ ಹಣ್ಣು ಕೊಯ್ಯುವ ಹೆಂಗಸರನ್ನು ತುಂಬಿಕೊಂಡು ಬರುತ್ತಿದ್ದೆವು. ಹಾರ್ನ್ ಹೊಡೆದ. ಉತ್ತರವಿಲ್ಲ. ಧೈರ್ಯವಾಗಿ ವೇಗ ಹೆಚ್ಚಿಸಿದ. ತಿರುವಿನ ಕೊನೆಯಲ್ಲಿ ಟ್ರ್ಯಾಕ್ಟರೊಂದು ಕೆಟ್ಟು ನಿಂತಿತ್ತು, ಅದರ ಸೀಟಿನಲ್ಲಿ ಯಾರೂ ಇರಲಿಲ್ಲ.

"ಟ್ರ್ಯಾಕ್ಟರ್ ಐತೆ, ಬ್ರೇಕ್ ಹಾಕಣ್ಣ!" ಎಂದು ಕೂಗಿದೆ.

"ಎಲ್ಲೈತೆ?"

ನಾನೇ ಸ್ಟೀರಿಂಗ್ ಎಳೆದೆ. ಜೀಪು ಚರಂಡಿಗಿಳಿದು ನಿಂತಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಅವನು ಕೀಲಿ ಕಿತ್ತು ನನ್ನ ಕೈಗಿಟ್ಟ.

"ಎಲ್ಡು ವರ್ಸದಿಂದ ಕಣ್ಣು ಮಂಜಾಗ್ಬುಟ್ಟೈತೆ. ಗೌಡ್ರಿಗೆ ಹೇಳ್ಬ್ಯಾಡಿ ಅಮ್ಮಣ್ಣಿ. ಇನ್ಮ್ಯಾಕೆ ನೀವೇ ಓಡ್ಸಿ, ನಾನು ಪಕ್ಕದಾಗೆ ಕೂತ್ಕತೀನಿ."

ಸಂಜೆ ಅಪ್ಪನಿಗೆ ಹೇಳಿಬಿಟ್ಟೆ. ಅಪ್ಪ ಅವನನ್ನು ಕಾಫಿ ಸ್ಟೋರಿನ ಕಾವಲಿಗೆ ಹಾಕಿ, ಜೀಪು ನನಗೆ ಬಿಟ್ಟರು. ಅಲ್ಲಿ ಅವನು ಒಂದು ತಿಂಗಳೂ ನಿಲ್ಲಲಿಲ್ಲ.

ಹೇಳಿದ್ದು ಸರಿಯೇ, ಹಿಂದೆ ಕೂತ ಆ ಹೆಂಗಸರ ಮುಖ ನೆನೆದರೆ ಅದರಲ್ಲಿ ಎರಡು ಮಾತಿಲ್ಲ. ಆದರೆ ಜೀಪು ನನಗೆ ಸಿಗುವ ಹಾಗಿರದಿದ್ದರೂ ಹೇಳುತ್ತಿದ್ದೆನಾ? ನನ್ನ ಮೇಲೆ ನನಗೇ ಇರುವ ಆ ಅನುಮಾನ ಇನ್ನೂ ಹೋಗಿಲ್ಲ.